ನಾಗರಪಂಚಮಿಗೆ ಗೂಡು ಕಟ್ಟುವ ಹಕ್ಕಿ

ಹಕ್ಕಿಗಳ ಅಧ್ಯಯನಕ್ಕೆ ಇಳಿಯಬೇಕೆಂದು ನನ್ನಲ್ಲಿಗೆ ಬರುವ ಹುಡುಗ ಹುಡುಗಿಯರು ಯಾವ ದುರ್ಬೀನು ಒಳ್ಳೆಯದು, ಯಾವ ಕ್ಯಾಮೆರಾ ಕೊಳ್ಳಬೇಕು ಎಂದು ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ನಿಮಗೆ ಜಗಳವಾಡಲು ಬರುತ್ತದೆಯೇ? ಬೇರೆಯವರ ಜೊತೆ ಎಲ್ಲರೂ ಆಡುತ್ತಾರೆ, ಅದು ದೊಡ್ಡ ಮಾತಲ್ಲ. ನಿನ್ನೆ ನೀವೇ ಎದೆ ತಟ್ಟಿ ಹೇಳಿದ್ದನ್ನು ಇವತ್ತು ಎದುರು ಪಕ್ಷದಲ್ಲಿ ನಿಂತು ಸೀಳಿ ಹಾಕಬಲ್ಲಿರಾ? ಬಂದರೆ ಈ ಕೆಲಸ ನಿಮಗೆ ಹಬ್ಬ. ಬಾರದಿದ್ದರೆ ದುರ್ಬೀನು ಎಷ್ಟೇ ದುಬಾರಿಯದಾದರೂ ಅದರಲ್ಲಿ ನಿಮಗೆ ಬೇಕಾದದ್ದೇ ಕಾಣಿಸುತ್ತದೆ.

ನಾನು ಈ ಕೆಲಸಕ್ಕೆ ಬಂದದ್ದೇ ಬಾಯಿಯ ದೆಸೆಯಿಂದ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಉಡುಪಿಯ ಒಂದು ಚರ್ಚಾಸ್ಪರ್ಧೆಗೆ ತೀರ್ಪುಗಾರರಾಗಿ ಮಣಿಪಾಲದಿಂದ ಪ್ರಾಣಿಶಾಸ್ತ್ರದ ಪ್ರೊಫೆಸರ್ ಉಪಾಧ್ಯರು ಬಂದಿದ್ದರು. ವಿಜ್ಞಾನ ಮನುಷ್ಯನ ಗೆಳೆಯ ಎಂದು ವಾದಿಸಿ, ಬಹುಮಾನದ ಸ್ಟೀಲ್ ತಟ್ಟೆ ಹಿಡಿದು ನಾನು ವೇದಿಕೆ ಇಳಿಯುತ್ತಿದ್ದಂತೆ ಅವರು ಅಡ್ಡ ನಿಂತರು.

"ಈಗ ಇದನ್ನೇ ಉಲ್ಟಾ ಮಾತಾಡು, ನೋಡುವ."

ತಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಅಲ್ಲೇ ಮೆಟ್ಟಿಲ ಮೇಲೆ ನಿಂತು ಮಾತಾಡಿದೆ.

"ಇದು ಅದಕ್ಕಿಂತ ಚೆನ್ನಾಗಿತ್ತು," ಎಂದರು. "ಬಿ.ಎಸ್ಸಿ. ಮುಗಿದ ಮೇಲೆ ನನ್ನಲ್ಲಿಗೆ ಬಾ ಸುಮತಿ. ನಿನ್ನ ಬಾಯಿಗೆ ಒಂದು ಕೆಲಸ ಕೊಡಬೇಕು, ಇಲ್ಲದಿದ್ದರೆ ಊರಿಗೆ ಕಷ್ಟ."

ಹೋದೆ. ಕ್ಷೇತ್ರ ಸಹಾಯಕಿ ಎಂದು ಹೆಸರು. ಕೆಲಸ, ನಮ್ಮ ಕಡೆಯ ಕಾಡುಹಕ್ಕಿಗಳು ಗೂಡು ಕಟ್ಟುವುದು ಯಾವಾಗ, ಈಗ ಕಟ್ಟು ಎಂದು ಅವಕ್ಕೆ ಹೇಳುವುದು ಯಾವುದು ಎಂದು ಹುಡುಕುವುದು. ಬಿಸಿಲೋ, ಮಳೆಯೋ, ಹಗಲಿನ ಉದ್ದವೋ, ಹುಳುವೋ? ಕೇಳಲು ಸಣ್ಣ ಪ್ರಶ್ನೆ. ನನ್ನ ಇಡೀ ವೃತ್ತಿ ಅದರಲ್ಲೇ ಕಳೆಯಿತು, ಇನ್ನೂ ರುಚಿ ಹೋಗಿಲ್ಲ.

ಪ್ರೊಫೆಸರರ ಪ್ರೀತಿಯ ಹಕ್ಕಿ ಕಿತ್ತಳೆ ತಲೆಯ ನೆಲಸಿಳ್ಳಾರ. ಮೈನಾಕ್ಕಿಂತ ತುಸು ಚಿಕ್ಕದು. ತಲೆ, ಎದೆ ಮಾಗಿದ ಕಿತ್ತಳೆಯ ಬಣ್ಣ, ಬೆನ್ನು ನೀಲಿ ಬೂದಿ, ಬಿಳಿ ಕೆನ್ನೆಯ ಮೇಲೆ ಕಾಡಿಗೆ ಇಳಿದ ಹಾಗೆ ಎರಡು ಗೆರೆ. ನೆರಳಿನ ನೆಲದಲ್ಲಿ ತರಗೆಲೆ ಮಗುಚಿ ಹುಳು ಹೆಕ್ಕುವುದು ಅದರ ಜೀವನ. ಅಂಥ ನೆರಳು ನಮ್ಮಲ್ಲಿ ಉಳಿದಿರುವುದು ನಾಗಬನಗಳಲ್ಲಿ. ಕಲ್ಲಿನ ನಾಗ, ಸುತ್ತ ಕತ್ತಿ ತಾಗದ ಮರ ಬಳ್ಳಿ. ಪೂಜೆಗಲ್ಲದೆ ಯಾರೂ ಒಳಗೆ ಕಾಲಿಡುವುದಿಲ್ಲ.

ಪ್ರೊಫೆಸರರು ಆಗಲೇ ಒಂದು ತೀರ್ಮಾನಕ್ಕೆ ಬಂದಿದ್ದರು. ಕಾಪು, ಕಾರ್ಕಳ, ಅಲೆವೂರು, ಎಲ್ಲಿಂದ ಸುದ್ದಿ ಬಂದರೂ ಒಂದೇ: ನೆಲಸಿಳ್ಳಾರದ ಗೂಡು ಸಿಕ್ಕಿದ್ದು ನಾಗರಪಂಚಮಿಯ ಹೊತ್ತಿಗೆ. ಪಂಚಮಿ ಬೇಗ ಬಂದ ವರ್ಷ ಗೂಡೂ ಬೇಗ, ಅಧಿಕ ಮಾಸ ಬಂದು ಪಂಚಮಿ ತಡವಾದ ವರ್ಷ ಗೂಡೂ ತಡ! ಹಕ್ಕಿಗೆ ಚಂದ್ರನ ಲೆಕ್ಕ ಗೊತ್ತು ಎಂದು ಅವರು ಕುಣಿಯುವುದೊಂದು ಬಾಕಿ.

ನಾನು ಕೇಳಿದೆ: "ಸರ್, ಈ ಗೂಡುಗಳನ್ನು ನೋಡಿದವರು ಯಾರು?"

"ಬನದ ಮನೆಯವರು."

"ಅವರು ಬನದ ಒಳಗೆ ಹೋಗುವುದು ಯಾವಾಗ?"

"ಪಂಚಮಿಗೆ ಮೊದಲು, ಕಸ ಗುಡಿಸಿ ಶುಚಿ ಮಾಡಲಿಕ್ಕೆ..." ಎನ್ನುತ್ತ ಅವರು ಅರ್ಧಕ್ಕೇ ನಿಲ್ಲಿಸಿದರು.

"ಹಾಗಾದರೆ ಇದು ಹಕ್ಕಿಯ ಕಾಲ ಅಲ್ಲ ಸರ್, ಹಿಡಿಸೂಡಿಯ ಕಾಲ."

ಅವರು ಕನ್ನಡಕ ತೆಗೆದು ಒರೆಸಿದರು. ಮುಖ ಕೆಂಪಾಗಿತ್ತು. "ಸರಿಯಾದ ಕಾಲ ಯಾವುದು ಹಾಗಾದರೆ? ಹೇಳು."

"ಗೊತ್ತಿಲ್ಲ ಸರ್."

"ಗೊತ್ತಿಲ್ಲದೆ ನನ್ನದನ್ನು ಮುರಿದೆಯಾ?"

"ಮುರಿಯಲಿಕ್ಕೆ ಗೊತ್ತಿರಬೇಕಂತ ಇಲ್ಲ ಸರ್. ಕಟ್ಟಲಿಕ್ಕೆ ಬೇಕು."

"ಕಟ್ಟು ಹಾಗಾದರೆ! ಬನದ ಒಳಗೆ ಕಾಲಿಡುವ ಹಾಗಿಲ್ಲ, ನೆನಪಿರಲಿ," ಎಂದವರು ಬಾಗಿಲ ತನಕ ಹೋಗಿ ತಿರುಗಿ ನಕ್ಕರು. ಮೇಲಧಿಕಾರಿ ಸಿಕ್ಕಿದರೆ ಇಂಥವರು ಸಿಗಬೇಕು. ಸೋತಾಗ ಸಿಟ್ಟು ಬರುತ್ತಿತ್ತು, ಆದರೆ ಸಿಟ್ಟಿಗೆ ಆಯುಷ್ಯ ಇರಲಿಲ್ಲ.

ಒಳಗೆ ಹೋಗದೆ ಗೂಡಿನ ಕಾಲ ತಿಳಿಯುವುದು ಹೇಗೆ? ಹೊರಗೆ ನಿಂತು ಕಿವಿ ಕೊಡಬೇಕು. ಗಂಡು ಗಂಟಲು ಬಿಟ್ಟು ಹಾಡತೊಡಗಿದರೆ ಜೋಡಿ ಕೂಡಿದೆ. ಕೊಕ್ಕಿನಲ್ಲಿ ಪಾಚಿ, ಬೇರು ಕಂಡರೆ ಗೂಡು ಏಳುತ್ತಿದೆ. ಹುಳುವನ್ನು ನುಂಗದೆ ಕಚ್ಚಿಕೊಂಡೇ ಹಾರಿದರೆ ಮರಿಗಳಿವೆ. ಮೂರು ಊರಿನ ಮೂರು ಬನ ಆರಿಸಿಕೊಂಡು ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿದೆ. ಕಾಪುವಿನಲ್ಲಿ ಬೇಲಿಯ ಹೊರಗೆ ನಿಂತ ಮೊದಲ ದಿನವೇ ಮೀನಿನ ಬುಟ್ಟಿ ಹೊತ್ತ ಒಬ್ಬರು ಮರುಗಿದರು.

"ಎಂತ ಮಗಾ, ಇಲ್ಲಿ ಬಸ್ಸು ನಿಲ್ಲುವುದಿಲ್ಲ."

"ಬಸ್ಸಿಗಲ್ಲ ಅಕ್ಕಾ, ಹಕ್ಕಿಗೆ ಕಾಯುವುದು."

"ಹಕ್ಕಿಗೆ ಟೈಮ್ ಉಂಟಾ?"

"ಅದನ್ನು ನೋಡಲಿಕ್ಕೇ ಬಂದದ್ದು!"

ಅವರು ತಲೆಯ ಬುಟ್ಟಿ ಅಲುಗದಂತೆ ನಕ್ಕು ಮುಂದೆ ಹೋದರು. ಮರುವಾರದಿಂದ ಕಾಪುವಿನಲ್ಲಿ ನನ್ನ ಹೆಸರು ಹಕ್ಕಿ ಟೀಚರ್.

ಈಗ ಒಂದು ಎಡವಟ್ಟು ಹೇಳಲೇಬೇಕು. ಮಾರ್ಚ್ ತಿಂಗಳು, ಕಾರ್ಕಳದ ಬನ, ಧಗಧಗ ಸೆಕೆ. ಒಳಗಿನಿಂದ ನೆಲಸಿಳ್ಳಾರದ ಹಾಡು ಬಂತು! ಏರು, ಇಳಿತ, ನಡುವಿನ ಸಿಳ್ಳೆ, ಎಲ್ಲ ಸರಿಯಾಗಿ. ಮಳೆಯ ಸುಳಿವಿಲ್ಲ, ಪಂಚಮಿ ಎಲ್ಲೋ ದೂರ. ನಾನು ಮಣಿಪಾಲಕ್ಕೆ ಬಂದು ಪ್ರೊಫೆಸರರ ಮುಂದೆ ಒಂದು ಭಾಷಣವನ್ನೇ ಬಿಗಿದೆ. ಮರುದಿನ ಅವರೂ ಬಂದರು. ಹಾಡು ಬಂತು. ಬೆನ್ನಿಗೇ ಬೆಕ್ಕಿನ ಕೂಗು, ಅದರ ಬೆನ್ನಿಗೆ ಗಿಡುಗನ ಕೂಗು, ಎಲ್ಲ ಒಂದೇ ಮರದಿಂದ. ಬಾಲದಲ್ಲಿ ಎರಡು ಉದ್ದ ಗರಿ ನೇತಾಡಿಸುತ್ತ ಭೀಮರಾಜ ಹಾರಿಹೋಯಿತು. ಹತ್ತು ಹಕ್ಕಿಗಳ ದನಿ ಕದಿಯುವ ಹಕ್ಕಿ ಅದು. ನಾನು ಕೇಳಿದ್ದು ಅದರ ಮಿಮಿಕ್ರಿ.

"ಚೆನ್ನಾಗಿ ಹಾಡಿತು," ಎಂದರು ಪ್ರೊಫೆಸರರು. "ಆದರೆ ಭಾಷಣ ಅದಕ್ಕಿಂತ ಚೆನ್ನಾಗಿತ್ತು."

ಅಲ್ಲಿಂದ ಮುಂದೆ ನಾನು ಎಂತ ಹೇಳಿದರೂ, "ಭೀಮರಾಜ ಅಲ್ಲ ತಾನೇ?" ಎಂದು ಕೇಳುವುದು ಇಲಾಖೆಯ ಜವಾನರಿಗೂ ರೂಢಿಯಾಯಿತು. ಹೊಸಬರೇ, ಇಂಥದ್ದೊಂದು ಅಡ್ಡಹೆಸರು ಬೇಗ ಗಳಿಸಿಕೊಳ್ಳಿ. ಕಿವಿ ಚುರುಕಾಗುತ್ತದೆ.

ಪ್ರೊಫೆಸರರ ಇನ್ನೊಂದು ವಾದ ಬೆಳಕಿನದು. ಚಳಿದೇಶಗಳಲ್ಲಿ ಹಗಲು ಉದ್ದವಾದಂತೆ ಹಕ್ಕಿಗಳ ಮೈ ಸಂತಾನಕ್ಕೆ ಸಿದ್ಧವಾಗುತ್ತದೆ ಎಂದು ಪಾಠಪುಸ್ತಕಗಳು ಹೇಳುತ್ತಿದ್ದವು. ನಾನು, ಅಲ್ಲಿ ಹಗಲಿಗೂ ಹಗಲಿಗೂ ಅಜಗಜಾಂತರ ಸರ್, ಉಡುಪಿಯಲ್ಲಿ ಅತಿ ಉದ್ದದ ಹಗಲಿಗೂ ಗಿಡ್ಡ ಹಗಲಿಗೂ ಇರುವ ವ್ಯತ್ಯಾಸ ಸಿನಿಮಾದ ಇಂಟರ್‌ವಲ್ ತನಕದ ಹೊತ್ತು ಎಂದೆ. "ಹಕ್ಕಿಗೆ ಅಷ್ಟೇ ಸಾಕಾದರೆ?" ಎಂದರು ಅವರು. ಕೊನೆಗೆ, ಬೆಳಕು ಮೈಯನ್ನು ಹದಕ್ಕೆ ತರಬಹುದು, ಕೊನೆಯ ತಳ್ಳು ಬೇರೆಲ್ಲಿಂದಲೋ ಬರಬಹುದು ಎಂದು ಇಬ್ಬರೂ ಅರ್ಧರ್ಧ ಒಪ್ಪಿಕೊಂಡೆವು.

ಆ ತಳ್ಳು ಮಳೆ! ಎರಡು ವರ್ಷ ಬೇಲಿ ಕಾದು ನಾನು ಕಂಡದ್ದು ಅದು. ಪಂಚಮಿಗೆ ಎಷ್ಟೋ ಮೊದಲು, ಮಳೆಗಾಲ ಹಿಡಿದ ಬೆನ್ನಿಗೇ ಹಾಡು ಏಳುತ್ತಿತ್ತು. ಪಂಚಮಿಯ ಹೊತ್ತಿಗೆ ಮನೆಯವರಿಗೆ ಸಿಗುತ್ತಿದ್ದದ್ದು ಬಹುಶಃ ಎರಡನೆಯ ಸಲದ ಮೊಟ್ಟೆಗಳು. ಇನ್ನೂ ಸೊಗಸೆಂದರೆ, ಮೂರು ಬನ ಒಟ್ಟಿಗೆ ಹಾಡುತ್ತಿರಲಿಲ್ಲ. ಘಟ್ಟದ ಬುಡದ ಕಾರ್ಕಳ ಮೊದಲು, ಆಮೇಲೆ ಅಲೆವೂರು, ಕಡಲ ಬದಿಯ ಕಾಪು ಎಲ್ಲದಕ್ಕಿಂತ ಕೊನೆಗೆ.

ಆದರೆ ನನ್ನ ಮಳೆಯ ವಾದಕ್ಕೂ ಪೆಟ್ಟು ಬಿತ್ತು. ಒಂದು ಏಪ್ರಿಲ್‌ನಲ್ಲಿ ಕಾರ್ಕಳದಲ್ಲಿ ಗುಡುಗು ಸಿಡಿಲಿನ ಜಡಿಮಳೆ ಹೊಡೆಯಿತು. ನಾಳೆಯಿಂದ ಹಾಡು ಕೇಳಿ ಎಂದು ಎಲ್ಲರಿಗೂ ಸಾರಿದೆ. ಒಂದು ಸೊಲ್ಲಿಲ್ಲ! ಬೇಲಿಯಂಚಿನಲ್ಲಿ ಕೂತು ಕಡ್ಡಿಯಿಂದ ತರಗೆಲೆ ಕೆದಕಿದೆ. ಮೇಲಿನ ಪದರ ಆಗಲೇ ಹಪ್ಪಳ, ಅಡಿಯಲ್ಲಿ ಪುಡಿಮಣ್ಣು, ಹುಳು ಒಂದೂ ಇಲ್ಲ. ಮಳೆ ಬಂದಿತ್ತು, ನೆಲ ನೆನೆದು ನಿಂತಿರಲಿಲ್ಲ. ಮಳೆಗಾಲದಲ್ಲಿ ಅದೇ ಎಲೆ ಎತ್ತಿದರೆ ಎರೆಹುಳು ಗಿಜಿಗಿಜಿ. ಹಾಗಾದರೆ ಹಕ್ಕಿ ನೋಡುವುದು ಆಕಾಶವನ್ನಲ್ಲ, ಕಾಲ ಕೆಳಗಿನ ಎಲೆಯನ್ನು! ಕಾಪುವಿನ ಮರಳುನೆಲ, ಆ ಹೊಯ್ಗೆ, ನೀರನ್ನು ಸೋಸಿಬಿಡುವುದರಿಂದಲೇ ಅಲ್ಲಿ ಎಲ್ಲ ತಡ. ಖುಷಿಗೆ ಬಸ್ಸಿನಲ್ಲಿ ಒಬ್ಬಳೇ ನಕ್ಕು ಕಂಡಕ್ಟರರಿಂದ ಬೈಸಿಕೊಂಡೆ. ಪ್ರೊಫೆಸರರು ಮಾತ್ರ ತಣ್ಣಗೆ ಹೇಳಿದರು: "ಮಳೆಯೂ ಒದ್ದೆ ನೆಲವೂ ಒಟ್ಟಿಗೇ ಬರುತ್ತವೆ ಸುಮತಿ. ಬಿಡಿಸಿ ತೋರಿಸುವುದು ಹೇಗೆ? ಮಳೆ ಇಲ್ಲದೆ ನೆಲ ನೆನೆಸುವವರು ಯಾರು?"

ನೆನೆಸುವವರು ದುಬಾಯಿಯಿಂದ ಬಂದರು.

ಅಲೆವೂರಿನ ಬನದ ಮನೆಯ ಮಗ ಸಂಜೀವಣ್ಣ ರಜೆಯಲ್ಲಿ ಬಂದವರು ಬನದ ಜೀರ್ಣೋದ್ಧಾರಕ್ಕೆ ಕೈ ಹಾಕಿದರು. ಸುತ್ತ ಕೆಂಪುಕಲ್ಲಿನ ಪಾಗಾರ, ನಡುವೆ ಎತ್ತರದ ಕಟ್ಟೆ, ಒಳಗೆಲ್ಲ ಸಿಮೆಂಟ್ ನೆಲ, ಅಡ್ಡ ಬರುವ ಮರಗಳಿಗೆ ಕೊಡಲಿ. ಆ ಕಾಲದಲ್ಲಿ ಒಂದೊಂದೇ ಬನ ಹೀಗೆ ಸಿಮೆಂಟಾಗುತ್ತಿತ್ತು. ಬನದ ಎದುರು ನಿಂತೇ ನಮ್ಮ ವಾಗ್ವಾದ ನಡೆಯಿತು. ಅವರ ತಾಯಿ ಕಲ್ಯಾಣಕ್ಕ ಮೆಟ್ಟಿಲ ಮೇಲೆ ಕೂತು ಇಬ್ಬರನ್ನೂ ನೋಡುತ್ತಿದ್ದರು.

"ಟೀಚರೇ, ನಾನು ಮೊಸಾಯಿಕ್ ನೆಲದಲ್ಲಿ ಮಲಗುವುದು, ನಾಗ ಕೊಳೆತ ಎಲೆಯಲ್ಲಿ ಕೂರುವುದಾ? ನೀವೇ ಹೇಳಿ."

"ನಾಗನಿಗೆ ತಂಪಾಗಲಿ ಅಂತ ಹಾಲು, ಸೀಯಾಳ ಎರೆಯುವವರು ನೀವೇ ಅಲ್ವಾ? ಸಿಮೆಂಟ್ ಕಾದರೆ ತಂಪು ಎಲ್ಲಿ?"

"ತಂಪು ಬೇರೆ, ಕೆಸರು ಬೇರೆ. ಸರಿ, ನಿಮ್ಮ ಹಕ್ಕಿಯ ವಿಷಯಕ್ಕೆ ಬರುವ. ಮಳೆಗೆ ಮೊದಲು ಗೂಡಿಲ್ಲ ಅಂತ ಹೇಳಿದ್ದು ಯಾರು?"

"ನಾನೇ."

"ಪ್ರೊಫೆಸರರು?"

"ಅವರೂ ಅದನ್ನೇ ಹೇಳುತ್ತಾರೆ."

"ನಾನು ನೆಲದ ಕೆಲಸ ಶುರು ಮಾಡುವುದು ಮೇ ತಿಂಗಳಲ್ಲಿ. ಯಾರ ಗೂಡೂ ಮುರಿಯುವುದಿಲ್ಲ. ಮತ್ತೆ ಜಗಳ ಎಂತದ್ದು ಮಾರಾಯ್ರೆ?"

ನನ್ನದೇ ವಾದದ ಹಗ್ಗದಿಂದ ನನ್ನನ್ನೇ ಕಟ್ಟಿ ಹಾಕಿದರು! ಈ ವರ್ಷದ ಗೂಡು ಮಾತ್ರ ಅಲ್ಲ, ನೆಲ ಮುಚ್ಚಿದರೆ ಎಲೆ ಇಲ್ಲ, ಹುಳು ಇಲ್ಲ, ಮುಂದೆಂದೂ ಹಕ್ಕಿ ಇಲ್ಲ ಎಂದೆ. "ಮುಂದಿನದ್ದು ಭವಿಷ್ಯ. ನನಗೆ ಸಾಕ್ಷಿ ಬೇಕು," ಎಂದು ಅವರು ಬನದತ್ತ ಕೈ ತೋರಿಸಿದರು. "ಮಳೆಗೆ ಮೊದಲು ಒಂದು ಗೂಡು ತೋರಿಸಿ, ನೆಲದ ಕೆಲಸವನ್ನೇ ಕೈಬಿಡುತ್ತೇನೆ. ಕೈಬಿಡುವುದೆಂದರೆ ಕೈಬಿಡುವುದು."

ಸೋತೆ ಎಂದೇ ಬಸ್ಸು ಹತ್ತಿದೆ. ನನ್ನ ಎರಡು ವರ್ಷದ ಕೆಲಸವೆಲ್ಲ ಅವರ ಪಕ್ಷದಲ್ಲೇ ನಿಂತಿತ್ತು.

ಪಾಗಾರದ ಕೆಲಸ ಮುಂಚೆಯೇ ಶುರುವಾಗಿತ್ತು. ಗದ್ದೆಯ ಬಾವಿಯಿಂದ ಪೈಪ್ ಎಳೆದು ಬನದ ಮೇಲ್ಬದಿಗೆ ತೊಟ್ಟಿ ಕಟ್ಟಿದ್ದರು. ಗಾರೆ ಕಲಸಲು ಅದೇ ನೀರು, ಕಟ್ಟಿದ ಪಾಗಾರಕ್ಕೆ ಬೆಳಿಗ್ಗೆ ಸಂಜೆ ಹೊಡೆಯಲೂ ಅದೇ ನೀರು. ಪಂಪು ಹಾಕಿದವರು ಬಂದ್ ಮಾಡಲು ಮರೆತರೆ ತೊಟ್ಟಿ ತುಂಬಿ ಇಳಿಜಾರಿನಲ್ಲಿ ಹರಿಯುತ್ತಿತ್ತು. ಇಳಿಜಾರಿನ ಕೆಳಗೆ ಬನ. ಇದನ್ನೆಲ್ಲ ನಾನು ನೋಡಿದ್ದೆ, ನೀರು ಪೋಲು ಎಂದು ಮನಸ್ಸಿನಲ್ಲೇ ಬೈದೂ ಇದ್ದೆ. ಬೇರೇನೂ ಹೊಳೆಯಲಿಲ್ಲ.

ಆ ವರ್ಷ ಏಪ್ರಿಲ್‌ನ ಮಳೆಯೂ ಇಲ್ಲ. ಕಾರ್ಕಳದ ಬನ ಗಪ್‌ಚಿಪ್. ಕಾಪುವಿನ ಬನದಲ್ಲಿ ಎಲೆಗಳು ಕಾಲಡಿಯ ಗಾಜಿನ ಹಾಗೆ. ಮೇ ತಿಂಗಳ ಒಂದು ಬೆಳಿಗ್ಗೆ ಅಲೆವೂರಿನಲ್ಲಿ ಬಸ್ಸಿಳಿದು ನಡೆಯುತ್ತಿದ್ದೆ. ಪಾಗಾರದ ಆಚೆಯಿಂದ ಹಾಡು ಬಂತು.

ಮೊದಲು ಮಾಡಿದ ಕೆಲಸ ಭೀಮರಾಜನನ್ನು ಹುಡುಕಿದ್ದು. ಬೆಕ್ಕಿನ ಕೂಗು ಬರುತ್ತದೆಯೇ ಎಂದು ಕಾದೆ, ಬರಲಿಲ್ಲ. ಗಿಡುಗ ಬರಲಿಲ್ಲ. ಹಾಡು ಮಾತ್ರ ಮತ್ತೆ, ಮತ್ತೆ, ಮತ್ತೆ. ಆಮೇಲೆ ತೊಟ್ಟಿಯ ಕೆಳಗಿನ ಕೆಸರಿಗೆ ಕಿತ್ತಳೆ ತಲೆಯೊಂದು ಕುಪ್ಪಳಿಸಿ ಬಂತು. ಪಾಚಿ ಕಿತ್ತು ಕೊಕ್ಕಿನ ತುಂಬ ಹಿಡಿದು ಪಾಗಾರ ದಾಟಿ ಒಳಗೆ ಹೋಯಿತು. ಮಳೆ ಇಲ್ಲ, ಒದ್ದೆ ನೆಲ ಉಂಟು! ನಮ್ಮ ಪ್ರಯೋಗಾಲಯ ಕನಸಿನಲ್ಲೂ ಮಾಡಲಾರದ ಪ್ರಯೋಗವನ್ನು ಸಂಜೀವಣ್ಣ ತಿಳಿಯದೆ ಮಾಡಿದ್ದರು. ಅವರ ಅಂಗಳಕ್ಕೆ ಓಡಿದೆ.

"ಹಾಡು ಸಾಕ್ಷಿ ಅಲ್ಲ ಟೀಚರೇ," ಎಂದರು ಅವರು, ಪ್ರೊಫೆಸರರಿಂದ ಹಳೆಯ ಕಥೆ ಕೇಳಿದ್ದ ಖುಷಿಯಲ್ಲಿ. "ಭೀಮರಾಜ ಇರಬಹುದು."

"ಭೀಮರಾಜ ಪಾಚಿ ಹೊರುವುದಿಲ್ಲ!"

"ಗೂಡು ತೋರಿಸಿ ಅಂತ ನನ್ನ ಮಾತು. ಗೂಡು ತೋರಿಸಿ."

ತೋರಿಸುವುದು ಹೇಗೆ? ಪಂಚಮಿಯ ಶುಚಿ ಬಿಟ್ಟರೆ ಒಳಗೆ ಹೋಗಬಹುದಾದವರು ಪೂಜೆಯ ಭಟ್ಟರು ಮಾತ್ರ, ಅದೂ ಕೆಲಸದ ಮುಹೂರ್ತದ ದಿನ. ಅದಕ್ಕೆ ಇನ್ನೂ ಒಂದು ವಾರವಿತ್ತು. ಆ ವಾರ ನಾನು ಉಂಡದ್ದು ನೆನಪಿಲ್ಲ.

ಮುಹೂರ್ತದ ಬೆಳಿಗ್ಗೆ ಕತ್ತಿ ಹಾರೆ ಹಿಡಿದ ಕೆಲಸದವರು ಸಾಲಾಗಿ ನಿಂತಿದ್ದರು. ಸಿಮೆಂಟ್ ಚೀಲಗಳು ಜಗಲಿಯ ತುಂಬ. ಪ್ರೊಫೆಸರರೂ ಬಂದಿದ್ದರು. ಭಟ್ಟರು ಪ್ರಾರ್ಥನೆಗೆ ಒಳಗೆ ಹೊರಟಾಗ ಕೈಮುಗಿದು ಕೇಳಿಕೊಂಡೆ: "ಭಟ್ರೇ, ಆಳೆತ್ತರದ ಕವಲುಗಳನ್ನು ಒಮ್ಮೆ ನೋಡಿ ಬನ್ನಿ."

"ನಾನು ನಾಗನನ್ನು ನೋಡಲಿಕ್ಕೆ ಹೋಗುವುದು ತಂಗಿ, ಕವಲನ್ನಲ್ಲ," ಎಂದು ಅವರು ಒಳಗೆ ಹೋದರು.

ಗಂಟೆಯ ದನಿ ಕೇಳಿತು, ನಿಂತಿತು. ಆಮೇಲೂ ಭಟ್ಟರು ಬರಲಿಲ್ಲ. ಕೆಲಸದವರೊಬ್ಬರು ಬೀಡಿ ಹಚ್ಚಿದರು. ಕೊನೆಗೆ ಭಟ್ಟರು ಹಿಂದೆ ಹಿಂದೆ ಹೆಜ್ಜೆಯಿಡುತ್ತ, ಸದ್ದಾಗದಂತೆ ಹೊರಗೆ ಬಂದರು.

"ಸಂಜೀವ, ಒಳಗೆ ಒಂದು ಸಂಸಾರ ಉಂಟು ಮಾರಾಯ. ನಾನು ಅಷ್ಟು ಹತ್ತಿರ ಹೋದರೂ ಗೂಡಿನಿಂದ ಆ ಕಿತ್ತಳೆ ತಲೆಯ ತಾಯಿ ಏಳಲಿಲ್ಲ. ಕಣ್ಣು ಬಿಟ್ಟು ನನ್ನನ್ನೇ ನೋಡಿತು."

ಸಂಜೀವಣ್ಣ ಒಮ್ಮೆ ಬನವನ್ನು, ಒಮ್ಮೆ ಚೀಲಗಳನ್ನು ನೋಡಿದರು. ರಜೆ ಮುಗಿಯುತ್ತಾ ಬಂದಿತ್ತು, ಅದು ನನಗೂ ಗೊತ್ತಿತ್ತು. ಆಮೇಲೆ ಬೆರಳೆತ್ತಿದರು. "ಅಬ್ಜೆಕ್ಷನ್! ಈ ನೀರು ಆಕಾಶದ್ದಲ್ಲ, ನನ್ನದು. ನನ್ನ ಪಂಪು, ನನ್ನ ಪೈಪು. ಇದು ಸರಿಯಾದ ಗೂಡು ಅಲ್ಲ!"

"ನೀರು ಯಾರದ್ದು ಅಂತ ನಿಮ್ಮ ಷರತ್ತಿನಲ್ಲಿ ಇರಲಿಲ್ಲ. ಹಕ್ಕಿಯೂ ಕೇಳಲಿಲ್ಲ. ನೆಲ ಒದ್ದೆ ಉಂಟಾ, ಹುಳು ಉಂಟಾ, ಅಷ್ಟೇ ಕೇಳಿತು."

"ಬನದ ಎದುರು ಆಡಿದ ಮಾತಲ್ವಾ ಸಂಜೀವ," ಎಂದರು ಕಲ್ಯಾಣಕ್ಕ ಮೆಟ್ಟಿಲಿಂದ. ಅಷ್ಟೇ ಹೇಳಿದ್ದು. ಕೆಲಸದವರು ಹಾರೆ ಹೆಗಲಿಗೇರಿಸಿದರು.

ನಾನು ಗೆದ್ದೆನೆಂದು ಕುಣಿಯುವಷ್ಟರಲ್ಲಿ ಪ್ರೊಫೆಸರರು ಕೇಳಿದರು: "ಕೆಲಸ ನಿಂತರೆ ನೀರೂ ನಿಲ್ಲುತ್ತದಲ್ಲ ಸುಮತಿ? ನೆಲ ಒಣಗಿದರೆ ಮರಿಗಳಿಗೆ ಎಂತ?"

ಎಲ್ಲರೂ ಸಂಜೀವಣ್ಣನನ್ನು ನೋಡಿದೆವು.

"ಓ ದೇವರೇ," ಎಂದರು ಅವರು. "ಇನ್ನು ಇದಕ್ಕೆ ನೀರು ಬಿಡುವುದೂ ನಾನೇಯಾ?"

ಬಿಟ್ಟರು. ಮಳೆ ಆ ವರ್ಷ ಬರುವ ಲಕ್ಷಣವೇ ಕಾಣಲಿಲ್ಲ. ಕರೆಂಟು ಕೈಕೊಟ್ಟ ದಿನ ಬಾವಿಯಿಂದ ಕೊಡಪಾನದಲ್ಲಿ ಸೇದಿ ತಂದು ಪಾಗಾರದ ಮೇಲಿನಿಂದ ಎರಚಿದೆವು. ಕಲ್ಯಾಣಕ್ಕ, ನಾನು, ಪಂಚೆ ಎತ್ತಿ ಕಟ್ಟಿದ ಪ್ರೊಫೆಸರರು. ಸಂಜೀವಣ್ಣ ಬೈಯುತ್ತ ಬೈಯುತ್ತ ಎಲ್ಲರಿಗಿಂತ ಹೆಚ್ಚು ಸೇದಿದರು. ಹಕ್ಕಿ ಕೊಕ್ಕಿನಲ್ಲಿ ಎರೆಹುಳು ಕಚ್ಚಿಕೊಂಡು ನುಂಗದೆ ಹಾರಿದ್ದನ್ನು ಮೊದಲು ಕಂಡು ಕೂಗಿದವರೂ ಅವರೇ. ಮರಿಗಳು ಪಾಗಾರದ ಮೇಲೆ ಸಾಲಾಗಿ ಬಂದು ಕೂತ ಮೇಲೆ ಮಳೆ ಬಂತು. ಗಟ್ಟಿಯಾಗತೊಡಗಿದ್ದ ಸಿಮೆಂಟನ್ನು ದನದ ಹಟ್ಟಿಯ ನೆಲಕ್ಕೆ ಹಾಕಿಸಿ ಅವರು ವಿಮಾನ ಹತ್ತಿದರು.

ಹೊರಡುವ ಮೊದಲು ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ನಿಲ್ಲಿಸಿ ಹೇಳಿದ್ದು ಇದು: "ಗೆದ್ದೆ ಅಂತ ತಿಳಿಯಬೇಡಿ ಟೀಚರೇ. ಒಂದು ಜೋಡಿ ಹಕ್ಕಿಯಿಂದ ಎಂತ ಸಾಬೀತಾಗುತ್ತದೆ? ಬರುವ ವರ್ಷ ಪೈಪ್ ಇರುವುದಿಲ್ಲ. ಮೇ ತಿಂಗಳಲ್ಲಿ ಆಗಲೂ ಹಾಡಿದರೆ, ನನ್ನ ನೀರಿಗೂ ಅದಕ್ಕೂ ಸಂಬಂಧವೇ ಇಲ್ಲ. ಆಗ ನೀವು ಹೇಳಿದ್ದು ಸುಳ್ಳು."

ನಾನು ಹೇಳಬೇಕಾದ ಮಾತು! ಬಸ್ಸಿನ ಹಾರ್ನುಗಳ ನಡುವೆ ಆ ಮನುಷ್ಯನನ್ನು ಸಹಾಯಕನಾಗಿ ಇಟ್ಟುಕೊಳ್ಳುವ ಆಸೆಯಾಯಿತು.

ಮರುವರ್ಷ ಮೇ ತಿಂಗಳು ಪೂರ್ತಿ ಅಲೆವೂರಿನ ಪಾಗಾರದ ಹೊರಗೆ ನಿಂತೆ. ತೊಟ್ಟಿಯಲ್ಲಿ ಹಲ್ಲಿ ಓಡಾಡುತ್ತಿತ್ತು. ಜೀವನದಲ್ಲಿ ಮೊದಲ ಸಲ, ಹಾಡು ಬಾರದಿರಲಿ ಎಂದು ಹಾರೈಸಿದೆ. ಬರಲಿಲ್ಲ. ಒಂದು ಸಿಳ್ಳೆಯೂ ಇಲ್ಲ. ಆಮೇಲೆ ಮಳೆಗಾಲ ಹಿಡಿಯಿತು. ಎಲೆ ನೆನೆಯಿತು, ನೆಲ ನೆನೆಯಿತು, ನನ್ನ ಕೊಡೆ ಮುರಿಯಿತು. ಆದರೂ ಪಾಗಾರಕ್ಕೆ ಕಿವಿ ಆನಿಸಿ ನಿಂತೇ ಇದ್ದೆ. ಒಳಗಿನಿಂದ ಮೊದಲು ತುಸು ಅಳುಕಿದ ಹಾಗೆ ಒಂದು ಸ್ವರ, ಆಮೇಲೆ ಪೂರ್ತಿ ಗಂಟಲು.

ಕಲ್ಯಾಣಕ್ಕ ಜಗಲಿಯಿಂದ ಕೂಗಿದರು: "ಟೀಚರೇ, ಒಳಗೆ ಬನ್ನಿ, ಒದ್ದೆಯಾಗ್ತೀರಿ!"

"ಹಾಡ್ತಾ ಉಂಟು ಅಕ್ಕಾ! ದುಬಾಯಿಗೆ ಹೇಳಿ, ಹಾಡ್ತಾ ಉಂಟು!"

"ಭೀಮರಾಜ ಅಲ್ಲ ತಾನೇ?" ಎಂದರು ಅವರು.

ನಾನು ಮತ್ತೆ ಪಾಗಾರಕ್ಕೆ ಕಿವಿ ಕೊಟ್ಟೆ, ಬೆಕ್ಕು ಕೂಗುತ್ತದೆಯೋ ಎಂದು ಕಾದೆ.